ಬೆರಳ ಸಂದಿಯ ಅಡಿಕೆ ಕಲೆ

ನಮ್ಮ ಭಾನುವಾರದ ಕಮ್ಮಟಕ್ಕೆ ಹೊಸದಾಗಿ ಬರುವವರು ಮೊದಲ ಎರಡು ವಾರ ಸುಮ್ಮನೆ ಕೂತಿರುತ್ತಾರೆ. ಮೂರನೆಯ ವಾರಕ್ಕೆ ಅವರಲ್ಲಿ ಒಬ್ಬರು ಕೇಳಿಯೇ ಕೇಳುತ್ತಾರೆ: ‘ಸರ್, ಈಗ ಎಂಥದ್ದು ಬರೆದರೆ ಜನ ಓದ್ತಾರೆ?’ ಕೇಳಿದ ಮೇಲೆ ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸುತ್ತಾರೆ. ನಾನು ಅವರಿಗೆ ಮೊದಲು ಹೇಳುವುದು, ತಲೆ ತಗ್ಗಿಸಬೇಡಿ ಎಂದು. ಬರೆದದ್ದನ್ನು ಇನ್ನೊಬ್ಬರು ಓದಲಿ ಎಂಬ ಆಸೆ ಇಲ್ಲದಿದ್ದರೆ ನಾವು ಯಾರೂ ಹಾಳೆಯನ್ನು ಮಡಚಿ ಲಕೋಟೆಗೆ ಹಾಕುತ್ತಿರಲಿಲ್ಲ. ಆ ಆಸೆಯನ್ನು ಬಿಟ್ಟುಬಿಡಿ ಎಂದು ಹೇಳುವ ಮೇಷ್ಟರನ್ನು ನಾನು ನಂಬುವುದಿಲ್ಲ. ಆದರೆ ಆ ಪ್ರಶ್ನೆ ನಿಮ್ಮ ತಲೆಗೆ ಯಾವಾಗ ಬರುತ್ತದೆ ಎಂಬುದು ಮುಖ್ಯ. ಬರೆದು ಮುಗಿಸಿ ಅಂಚೆಗೆ ಹಾಕುವಾಗ ಬಂದರೆ ಅದರಿಂದ ತೊಂದರೆಯಿಲ್ಲ. ಬರೆಯುತ್ತಿರುವಾಗಲೇ, ಒಂದೊಂದು ವಾಕ್ಯಕ್ಕೂ ಬಂದು ಪಕ್ಕದಲ್ಲಿ ಕೂತುಕೊಂಡರೆ ಏನಾಗುತ್ತದೆ ಎಂಬುದನ್ನು ಇಲ್ಲಿ ನಿಧಾನವಾಗಿ ಬಿಡಿಸಿ ಹೇಳಲು ನೋಡುತ್ತೇನೆ.

ಎರಡು ಮಾತುಗಳ ಅರ್ಥ ಮೊದಲೇ ಸ್ಪಷ್ಟವಾಗಿರಲಿ. ಸ್ವಂತಿಕೆ ಎಂದರೆ ಹಿಂದೆ ಯಾರೂ ಹೇಳದೇ ಇದ್ದದ್ದನ್ನು ಹೇಳುವುದು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಾದರೆ ತಾಯಿಯ ಬಗ್ಗೆ, ಸಾವಿನ ಬಗ್ಗೆ, ಪ್ರೀತಿಯ ಬಗ್ಗೆ ಇನ್ನು ಯಾರೂ ಬರೆಯುವ ಹಾಗೇ ಇಲ್ಲ. ಇನ್ನು ಕೆಲವರು ಸ್ವಂತಿಕೆ ಎಂದರೆ ಬೇರೆಯವರಿಗೆ ಅರ್ಥವಾಗದಂತೆ ಬರೆಯುವುದು ಎಂದುಕೊಳ್ಳುತ್ತಾರೆ. ನಾನು ಆ ಮಾತನ್ನು ಬಳಸುವುದು ಸರಳವಾದ ಅರ್ಥದಲ್ಲಿ: ನಾನು ಕಂಡದ್ದೇನು, ಅದನ್ನು ಕಂಡ ಹಾಗೆ ಹೇಳಲು ಯಾವ ಪದ ಸರಿಹೊಂದುತ್ತದೆ ಎಂದು ಹುಡುಕುವ ಕೆಲಸ. ಜನಪ್ರಿಯತೆ ಎಂದರೆ ಜನರಿಗೆ ಪ್ರಿಯವಾಗುವುದು. ಅದರಲ್ಲಿ ಕೆಟ್ಟದ್ದೇನೂ ಇಲ್ಲ. ಅದರ ಬೆನ್ನು ಹತ್ತುವುದು ಬೇರೆ ಮಾತು, ನನ್ನ ತಕರಾರು ಇರುವುದು ಅದರ ಬಗ್ಗೆ ಮಾತ್ರ.

ಹೇಳುವುದಕ್ಕಿಂತ ತೋರಿಸುವುದು ಸುಲಭ. ಮಲೆನಾಡಿನ ಕಡೆಯ ಒಬ್ಬ ಹುಡುಗಿ ಕಮ್ಮಟಕ್ಕೆ ತನ್ನ ಅಜ್ಜಿಯ ಬಗ್ಗೆ ಒಂದು ಪುಟ ಬರೆದು ತಂದಿದ್ದಳು. ಅದು ಶುರುವಾಗುತ್ತಿದ್ದದ್ದು ಹೀಗೆ: ‘ನನ್ನ ಅಜ್ಜಿ ತ್ಯಾಗಮಯಿ. ಅವಳ ಒರಟು ಕೈಗಳು ಶ್ರಮದ ಸಂಕೇತ. ತಾನು ಉರಿದು ಮನೆಗೆ ಬೆಳಕು ಕೊಟ್ಟ ದೀಪ ಅವಳು.’ ಓದಿ ಮುಗಿಸಿದಾಗ ನಾಲ್ಕಾರು ಜನ ಚಪ್ಪಾಳೆ ತಟ್ಟಿದರು. ನಾನು ಅವಳನ್ನು ಕೇಳಿದೆ, ‘ಕೈ ಒರಟಾದದ್ದು ಯಾವ ಕೆಲಸದಿಂದ?’ ‘ಅಡಿಕೆ ಸುಲಿದು ಸಾರ್.’ ‘ಎಲ್ಲಿ ಕೂತು ಸುಲಿಯುತ್ತಿದ್ದರು, ಎಷ್ಟು ಹೊತ್ತಿನ ತನಕ?’ ಅವಳು ಹೇಳುತ್ತಾ ಹೋದಳು. ಕೊಯ್ಲಿನ ದಿನಗಳಲ್ಲಿ ರಾತ್ರಿ ಊಟ ಮುಗಿಸಿ ಅಂಗಳದ ಚಪ್ಪರದ ಕೆಳಗೆ ಸಾಲಾಗಿ ಕೂರುವುದು, ಮೆಟ್ಟುಗತ್ತಿಯ ಮುಂದೆ ಒಂದು ಕಾಲು ಮಡಚಿ ಅಜ್ಜಿ ಕೂರುತ್ತಿದ್ದ ರೀತಿ, ನಿದ್ದೆ ಬಾರದಿರಲೆಂದು ಯಾರೋ ಹಳೆಯ ಜಗಳದ ಕತೆ ತೆಗೆಯುವುದು. ‘ಇದನ್ನೇ ಬರೆದುಕೊಂಡು ಬಾ’ ಎಂದೆ.

ಮುಂದಿನ ವಾರ ತಂದ ಪುಟದಲ್ಲಿ ತ್ಯಾಗವೂ ಇರಲಿಲ್ಲ, ದೀಪವೂ ಇರಲಿಲ್ಲ. ‘ಕೊಯ್ಲು ಮುಗಿದು ಎರಡು ತಿಂಗಳಾದರೂ ಅಜ್ಜಿಯ ಬೆರಳ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಬೇಸಿಗೆಯಲ್ಲಿ ಮದುವೆಗೆ ಹೋದರೆ ಅದು ಯಾರಿಗೂ ಕಾಣದಿರಲೆಂದು ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಕೂರುತ್ತಿದ್ದಳು.’ ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಂದಷ್ಟು ಹೊತ್ತು ಯಾರೂ ಮಾತಾಡಲೂ ಇಲ್ಲ. ಹಿಂದಿನ ಸಾಲಿನಲ್ಲಿದ್ದ ಬಯಲುಸೀಮೆಯ ಹುಡುಗನೊಬ್ಬ, ಅಡಿಕೆ ತೋಟವನ್ನೇ ಕಾಣದವನು, ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದ.

ಮೊದಲ ಪುಟದ ಮಾತುಗಳು ಎಲ್ಲಿಂದ ಬಂದವು ಎಂದು ಯೋಚಿಸಿ. ತ್ಯಾಗಮಯಿ, ಸಂಕೇತ, ಉರಿದು ಬೆಳಕಾಗುವ ದೀಪ, ಇವೆಲ್ಲ ಶಾಲೆಯ ಭಾಷಣ ಸ್ಪರ್ಧೆಯಿಂದ, ಬೀಳ್ಕೊಡುಗೆ ಸಮಾರಂಭದಿಂದ, ಹಬ್ಬದ ದಿನ ಮೊಬೈಲಿಗೆ ಬರುವ ಸಂದೇಶದಿಂದ ಬಂದವು. ಆ ಮಾತುಗಳಿಗೆ ಹಿಂದೆ ಚಪ್ಪಾಳೆ ಬಿದ್ದದ್ದನ್ನು ಅವಳು ಕೇಳಿದ್ದಳು. ಹಾಳೆಯ ಮುಂದೆ ಕೂತಾಗ ಅಜ್ಜಿಗಿಂತ ಮೊದಲು ಆ ಚಪ್ಪಾಳೆ ನೆನಪಾಯಿತು. ಅವಳು ಸುಳ್ಳು ಹೇಳಿದಳು ಎಂದು ನಾನು ಹೇಳುತ್ತಿಲ್ಲ. ಅಜ್ಜಿಯ ಮೇಲಿನ ಪ್ರೀತಿ ನಿಜವಾದದ್ದೇ. ಆದರೆ ಆ ಮೂರು ವಾಕ್ಯಗಳನ್ನು ಯಾರ ಅಜ್ಜಿಯ ಮೇಲೆ ಬೇಕಾದರೂ ಹೊದಿಸಬಹುದು. ಜನಪ್ರಿಯತೆಯ ಬೆನ್ನು ಹತ್ತುವುದು ಎಂದರೆ ದೊಡ್ಡ ದುರಾಸೆಯೇ ಆಗಬೇಕಿಲ್ಲ. ಹೆಚ್ಚಿನ ಸಲ ಅದು ಇಷ್ಟು ಸಣ್ಣದಾಗಿ, ಬರೆಯುವವರಿಗೇ ತಿಳಿಯದ ಹಾಗೆ ಬರುತ್ತದೆ.

ಮೆಚ್ಚಿಸುವ ಒತ್ತಡ ಲೈಕುಗಳ ಕಾಲದಲ್ಲಿ ಹುಟ್ಟಿದ್ದಲ್ಲ. ಹತ್ತನೆಯ ಶತಮಾನದ ಪಂಪನಿಗೆ ಮೆಚ್ಚಿಸಬೇಕಾದವನು ಒಬ್ಬನೇ ಇದ್ದ, ಆದರೆ ಆ ಒಬ್ಬ ಅರಸನಾಗಿದ್ದ. ವೇಮುಲವಾಡದ ಚಾಲುಕ್ಯ ಅರಸ ಇಮ್ಮಡಿ ಅರಿಕೇಸರಿಯನ್ನು ಅರ್ಜುನನೊಂದಿಗೆ ಒಂದಾಗಿಸಿ ಪಂಪ ‘ವಿಕ್ರಮಾರ್ಜುನ ವಿಜಯ’ವನ್ನು ಕಟ್ಟಿದ. ಅದಕ್ಕಾಗಿ ಕತೆಯನ್ನೇ ಬಾಗಿಸಬೇಕಾಯಿತು. ಅವನ ಕಾವ್ಯದಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಕೊನೆಯಲ್ಲಿ ಸಿಂಹಾಸನ ಏರುವವನು ಧರ್ಮರಾಯನಲ್ಲ, ಅರ್ಜುನ. ಇವು ಆಶ್ರಯ ಕೊಟ್ಟವನಿಗಾಗಿ ಕವಿ ಬಿಟ್ಟುಕೊಟ್ಟ ಜಾಗಗಳು, ಅವು ಇಂದಿಗೂ ಕಣ್ಣಿಗೆ ಬೀಳುತ್ತವೆ. ಅದೇ ಕಾವ್ಯದಲ್ಲಿ ಕರ್ಣನನ್ನು ನೋಡಿ. ಅರ್ಜುನನ ವೈರಿ, ಅಂದರೆ ಅರಸನ ವೈರಿಯ ಸ್ಥಾನದಲ್ಲಿ ನಿಂತವನು. ಅವನು ಬಿದ್ದಾಗ ಪಂಪ ಆಡುವ ಮಾತನ್ನು ಶಾಲೆಯಲ್ಲಿ ಕನ್ನಡ ಓದಿದವರೆಲ್ಲ ಬಲ್ಲರು. ಇಡೀ ಕಾವ್ಯದಲ್ಲಿ ಅರ್ಜುನನಿಗೂ ಸಿಗದ ಗೌರವ ಅದು. ಕಮ್ಮಟದಲ್ಲಿ ಇದನ್ನು ಹೇಳುವಾಗ ಒಂದು ವಿಷಯವನ್ನು ಒತ್ತಿ ಹೇಳುತ್ತೇನೆ. ಪಂಪ ಬಾಗಿದ್ದೂ ಅದೇ ಪುಸ್ತಕದಲ್ಲಿ, ಬಾಗದೆ ನಿಂತದ್ದೂ ಅದೇ ಪುಸ್ತಕದಲ್ಲಿ. ಸಾವಿರ ವರ್ಷ ಕಳೆದ ಮೇಲೆ ನಮ್ಮ ಎದೆಯನ್ನು ಮುಟ್ಟುತ್ತಿರುವುದು ಕರ್ಣನ ಭಾಗ.

ನನ್ನದೊಂದು ಅನುಭವವನ್ನೂ ಹೇಳಬೇಕು, ಏಕೆಂದರೆ ನಿಮಗೆ ಮುಂದೆ ಎದುರಾಗಬಹುದಾದ ಅಪಾಯಗಳಲ್ಲಿ ದೊಡ್ಡದನ್ನು ನಾನು ಅದರಿಂದಲೇ ಕಲಿತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ವಾರಪತ್ರಿಕೆಯೊಂದಕ್ಕೆ ಒಂದು ಕತೆ ಕಳಿಸಿದ್ದೆ. ಆ ಮೊದಲು ಕಳಿಸಿದ್ದೆಲ್ಲ ವಿಷಾದಪತ್ರದ ಜೊತೆ ಸ್ವವಿಳಾಸದ ಲಕೋಟೆಯಲ್ಲಿ ವಾಪಸು ಬಂದಿತ್ತು. ಇದು ಅಚ್ಚಾಯಿತು. ಹಳ್ಳಿಯ ಬಸ್ ನಿಲ್ದಾಣದಲ್ಲಿ ಮಗನಿಗಾಗಿ ಕಾಯುವ ಮುದುಕನ ಕತೆ ಅದು, ನಾನು ಕಣ್ಣಾರೆ ಕಂಡಿದ್ದ ಒಬ್ಬರನ್ನು ನೆನೆದು ಬರೆದದ್ದು. ಓದುಗರ ಪತ್ರಗಳು ಬಂದವು. ಓದಿ ಅತ್ತೆ ಎಂದು ಒಬ್ಬರು ಬರೆದಿದ್ದರು. ಆ ಪತ್ರವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಮುಂದಿನ ಎರಡು ವರ್ಷ ನಾನು ಬರೆದ ಕತೆಗಳಲ್ಲೆಲ್ಲ ಯಾರೋ ಒಬ್ಬರು ಯಾರಿಗೋ ಕಾಯುತ್ತಿದ್ದರು. ರೈಲು ನಿಲ್ದಾಣದಲ್ಲಿ ಕಾಯುವ ತಾಯಿ, ಆಸ್ಪತ್ರೆಯಲ್ಲಿ ಕಾಯುವ ಹೆಂಡತಿ, ಅಂಚೆಯವನಿಗೆ ಕಾಯುವ ನಿವೃತ್ತ ಮೇಷ್ಟರು. ಅವರಲ್ಲಿ ಒಬ್ಬರನ್ನೂ ನಾನು ಕಂಡಿರಲಿಲ್ಲ. ನಾನು ಕಾಯುತ್ತಿದ್ದದ್ದು ಅತ್ತೆ ಎಂದು ಹೇಳುವ ಇನ್ನೊಂದು ಪತ್ರಕ್ಕೆ. ಕತೆಗಳು ಅಚ್ಚಾದವು, ಪತ್ರಗಳು ಕಡಿಮೆಯಾಗುತ್ತಾ ಬಂದವು. ಒಂದು ದಿನ ಬರೆಯಲು ಕೂತರೆ ವಾಕ್ಯ ಮುಗಿಯುವ ಮೊದಲೇ ಅದು ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಬಹಳ ದಿನ ಬರೆಯಲಿಲ್ಲ. ಪರರನ್ನು ಅನುಕರಿಸಬಾರದು ಎಂದು ಎಲ್ಲರೂ ಹೇಳಿದ್ದರು. ನನ್ನನ್ನೇ ನಾನು ಅನುಕರಿಸಬಹುದು ಎಂದು ಯಾರೂ ಹೇಳಿರಲಿಲ್ಲ.

ಈ ಸಂಕಟವನ್ನು ದೊಡ್ಡ ಪ್ರಮಾಣದಲ್ಲಿ ಎದುರಿಸಿ ಗೆದ್ದವರು ಕೆ.ಎಸ್. ನರಸಿಂಹಸ್ವಾಮಿ. ಹೊಸಬರು ಅವರ ಬರಹದ ಬದುಕನ್ನು ತಿಳಿದುಕೊಳ್ಳಲೇಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಮಂಡ್ಯ ಜಿಲ್ಲೆಯ ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದವರು. 1942ರಲ್ಲಿ, ಇಪ್ಪತ್ತೇಳರ ವಯಸ್ಸಿನಲ್ಲಿ, ‘ಮೈಸೂರು ಮಲ್ಲಿಗೆ’ ಪ್ರಕಟಿಸಿದರು. ಅಲ್ಲಿಯ ತನಕ ಕನ್ನಡ ಕಾವ್ಯದಲ್ಲಿ ಪ್ರೇಮ ಎಂದರೆ ಹೆಚ್ಚಾಗಿ ಆಕಾಶಕ್ಕೆ ಮುಖ ಮಾಡಿರುತ್ತಿತ್ತು. ಇವರು ಅದನ್ನು ಹಳ್ಳಿಯ ಮನೆಯ ಹಜಾರಕ್ಕೆ ತಂದರು. ಹೊಸದಾಗಿ ಮದುವೆಯಾದ ಗಂಡ ಹೆಂಡತಿ, ಮಾವನ ಮನೆ, ತವರಿಗೆ ಹೋದವಳ ದಾರಿ ಕಾಯುವುದು, ಬಳೆಗಾರ. ಜನ ಆ ಪುಸ್ತಕವನ್ನು ಮದುವೆಯಲ್ಲಿ ಉಡುಗೊರೆಯಾಗಿ ಕೊಟ್ಟರು. ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಅವರ ಸಂಗೀತದಿಂದ ಆ ಕವಿತೆಗಳು ಪುಸ್ತಕವನ್ನೇ ಕಾಣದವರ ಬಾಯಿಗೂ ಬಂದವು. 1992ರಲ್ಲಿ ಟಿ.ಎಸ್. ನಾಗಾಭರಣ ಅದೇ ಹೆಸರಿನಲ್ಲಿ ಚಲನಚಿತ್ರ ಮಾಡಿದರು. ಒಂದು ಕವನ ಸಂಕಲನಕ್ಕೆ ಇದಕ್ಕಿಂತ ಹೆಚ್ಚಿನ ಜನಪ್ರೀತಿ ನಮ್ಮಲ್ಲಿ ಸಿಕ್ಕಿದ್ದು ಅಪರೂಪ.

ಈಗ ಅವರ ಜಾಗದಲ್ಲಿ ನಿಂತು ನೋಡಿ. ನಿಮ್ಮ ಹೆಸರಿಗೆ ಮೊದಲೇ ‘ಮಲ್ಲಿಗೆಯ ಕವಿ’ ಎಂಬ ಮಾತು ಅಂಟಿಕೊಂಡಿದೆ. ಇನ್ನೊಂದು ಮಲ್ಲಿಗೆ ಬರೆದರೆ ನಾಡು ಕೈ ಚಾಚಿ ಎತ್ತಿಕೊಳ್ಳುತ್ತದೆ. ಬರೆಯುವ ಶಕ್ತಿಯೂ ಕೈಯಲ್ಲಿದೆ. ‘ಐರಾವತ’, ‘ದೀಪಾವಳಿ’, ‘ಇರುವಂತಿಗೆ’ ಬಂದವು. 1958ರಲ್ಲಿ ಬಂದದ್ದು ‘ಶಿಲಾಲತೆ’. ಮಲ್ಲಿಗೆಯ ಘಮವನ್ನು ಬಯಸಿ ಬಂದ ಓದುಗನಿಗೆ ಅಲ್ಲಿ ಕಲ್ಲು ಸಿಕ್ಕಿತು. ಬಿಗಿಯಾದ, ಒಂದೇ ಓದಿಗೆ ದಕ್ಕದ, ನಗರದ ದಣಿವನ್ನೂ ನಡುವಯಸ್ಸಿನ ಗೊಂದಲವನ್ನೂ ಒಳಗೊಂಡ ಕವಿತೆಗಳು. ಹಾಡಿಕೊಳ್ಳಲು ಬರುವಂಥವಲ್ಲ. ಆ ಹೊತ್ತಿಗೆ ಗೋಪಾಲಕೃಷ್ಣ ಅಡಿಗರ ‘ಚಂಡೆಮದ್ದಳೆ’ ಬಂದು ನಾಲ್ಕು ವರ್ಷವಾಗಿತ್ತು, ನವ್ಯದ ಗಾಳಿ ಜೋರಾಗಿತ್ತು. ನರಸಿಂಹಸ್ವಾಮಿಯವರೂ ಆ ಗಾಳಿಗೆ ಸಿಕ್ಕಿದರು ಎಂದು ಹೇಳಿದವರಿದ್ದಾರೆ. ಅದು ನ್ಯಾಯವಾದ ಪ್ರಶ್ನೆಯೇ. ಹಳೆಯ ಓದುಗರನ್ನು ಬಿಟ್ಟು ಹೊಸ ವಿಮರ್ಶಕರ ಮೆಚ್ಚುಗೆಯ ಬೆನ್ನು ಹತ್ತಿದರೆ ಅದೂ ಬೆನ್ನು ಹತ್ತುವುದೇ ತಾನೆ?

ನಾನು ಎರಡು ಪುಸ್ತಕಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಹಲವು ಸಲ ಓದಿದ್ದೇನೆ. ನನಗೆ ಕಾಣುವುದು ಗಾಳಿಗೆ ಸಿಕ್ಕ ಕವಿಯಲ್ಲ. ಇಪ್ಪತ್ತೇಳರಲ್ಲಿ ಮನೆಯನ್ನು ನೋಡಿದ ಕಣ್ಣು ನಲವತ್ತಮೂರರಲ್ಲಿ ಅದೇ ಮನೆಯನ್ನು ನೋಡಿದರೆ ಬೇರೆ ಏನೋ ಕಾಣುತ್ತದೆ. ಶಿಲಾಲತೆಯಲ್ಲೂ ಸಂಸಾರ ಇದೆ, ಸಂಬಂಧಗಳಿವೆ, ಆದರೆ ಅವುಗಳ ಮೇಲೆ ಬೀಳುವ ಬೆಳಕು ಬದಲಾಗಿದೆ. ಬದಲಾದ ಬೆಳಕನ್ನು ಮುಚ್ಚಿಟ್ಟು ಹಳೆಯ ಬೆಳಕನ್ನೇ ಬಿಡಿಸುತ್ತಾ ಕೂತಿದ್ದರೆ ಅವರು ಸುಖವಾಗಿರಬಹುದಿತ್ತು. ‘ತೆರೆದ ಬಾಗಿಲು’ ಸಂಕಲನಕ್ಕೆ 1977ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರಲ್ಲಿ ಮಲ್ಲಿಗೆಯ ಸರಳತೆಯೂ ಶಿಲಾಲತೆಯ ಆಳವೂ ಒಂದಾಗಿವೆ ಎಂಬುದು ನನ್ನ ಓದು. ಕಲ್ಲಿನ ದಾರಿಯಲ್ಲಿ ನಡೆಯದಿದ್ದರೆ ಅವರು ಆ ಬಾಗಿಲಿಗೆ ಬರುತ್ತಿರಲಿಲ್ಲ. ಇಷ್ಟಾದರೂ ಅವರು ಮಲ್ಲಿಗೆಯನ್ನು ಕೈಬಿಡಲಿಲ್ಲ. ಎಪ್ಪತ್ತೆಂಟರ ವಯಸ್ಸಿನಲ್ಲಿ ಬಂದ ಸಂಕಲನಕ್ಕೆ ‘ದುಂಡುಮಲ್ಲಿಗೆ’ ಎಂದೇ ಹೆಸರಿಟ್ಟರು.

ಅಡಿಗರದ್ದೂ ಇಂಥದ್ದೇ ತಿರುವು, ಆದರೆ ಹೆಚ್ಚು ಒರಟು. ಇಂದಿಗೂ ನಾವು ಭಾವಗೀತೆಯಾಗಿ ಕೇಳುವ ಅವರ ಹಾಡುಗಳು ಹೆಚ್ಚಾಗಿ ಮೊದಲ ಸಂಕಲನಗಳವು. ಆ ಗೀತೆಗಳ ಇಂಪಿನಲ್ಲಿ ತಾನು ಹೇಳಬೇಕಾದದ್ದು ಹಿಡಿಸುತ್ತಿಲ್ಲ ಎಂದು ಅನ್ನಿಸಿದ ಮೇಲೆ ಅವರು ಆ ಇಂಪನ್ನೇ ಮುರಿದರು. ‘ಚಂಡೆಮದ್ದಳೆ’, ‘ಭೂಮಿಗೀತ’ಗಳಿಂದ ಮುಂದಿನ ಕನ್ನಡ ಕಾವ್ಯದ ದಾರಿಯೇ ಬದಲಾಯಿತು.

ಹಾಗೆ ದಾರಿ ಬದಲಾದಾಗ ಇನ್ನೊಂದು ಸಮಸ್ಯೆ ಹುಟ್ಟಿತು, ಇದು ಹೊಸಬರಿಗೆ ಬೇಗ ಕಣ್ಣಿಗೆ ಬೀಳುವುದಿಲ್ಲ. ಅರವತ್ತರ ದಶಕದ ಹೊತ್ತಿಗೆ ನವ್ಯವೇ ಒಂದು ಅಚ್ಚಾಯಿತು. ಒಂಟಿ ನಾಯಕ, ಅವನ ಅನಾಥಪ್ರಜ್ಞೆ, ಒಳಗೊಳಗೇ ಸುತ್ತುವ ಮನಸ್ಸು. ಹಾಗೆ ಬರೆದರೆ ಗಂಭೀರ ಲೇಖಕ ಎಂದು ಕರೆಯಲಾಗುತ್ತಿತ್ತು. ಓದುಗರ ಸಂಖ್ಯೆ ಕಡಿಮೆಯಿದ್ದರೂ ಅದೂ ಒಂದು ಜನಪ್ರಿಯತೆಯೇ, ಚಿಕ್ಕ ವಲಯದ ಜನಪ್ರಿಯತೆ. ಪೂರ್ಣಚಂದ್ರ ತೇಜಸ್ವಿಯವರು ಬರೆಯಲು ತೊಡಗಿದ್ದು ಆ ವಾತಾವರಣದಲ್ಲಿ. ‘ಸ್ವರೂಪ’ ಆ ಧಾಟಿಯ ಬರಹ. ಎಂ.ಎ. ಮುಗಿಸಿ ಅಧ್ಯಾಪಕರಾಗುವುದನ್ನು ಬಿಟ್ಟು ಅವರು ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿದರು. ಸುತ್ತ ಕಂಡದ್ದು ಅನಾಥಪ್ರಜ್ಞೆಯ ನಾಯಕರನ್ನಲ್ಲ. ತೋಟದ ಆಳುಗಳು, ಅಂಚೆ ನೋಡಿಕೊಳ್ಳುವವನು, ಪಿಂಚಣಿಗೆ ಅಲೆಯುವ ಸಣ್ಣ ನೌಕರ, ಬೇಟೆ, ನಾಯಿ, ಹಾವು, ಜೇನು.

1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ಬಂದಾಗ ಅದರ ಮುನ್ನುಡಿಯಲ್ಲಿ ಅವರು ನವ್ಯದ ದಾರಿ ತನಗೆ ಇನ್ನು ಸಲ್ಲದು ಎಂದು ನೇರವಾಗಿ ಹೇಳಿದರು. ಲೋಹಿಯಾ ಅವರ ಚಿಂತನೆ, ಕುವೆಂಪು ಅವರ ಕಲೆ, ಕಾರಂತರು ಬದುಕಿನಲ್ಲಿ ಮಾಡಿದ ಪ್ರಯೋಗಗಳು ತನ್ನನ್ನು ರೂಪಿಸಿದವು ಎಂದರು. ಇದು ಬಾಯಿಮಾತಿನ ಧೈರ್ಯವಲ್ಲ. ಅವರನ್ನು ಲೇಖಕ ಎಂದು ಒಪ್ಪಿಕೊಂಡಿದ್ದ ವಲಯವೇ ಅದು. ಅದಕ್ಕೆ ಬೆನ್ನು ತಿರುಗಿಸಿದರೆ ಓದುಗರು ಸಿಗುತ್ತಾರೆ ಎಂಬ ಭರವಸೆ ಯಾರೂ ಕೊಟ್ಟಿರಲಿಲ್ಲ. ಸಾಲದ್ದಕ್ಕೆ ಅವರು ಕುವೆಂಪು ಅವರ ಮಗ, ತಂದೆಯ ನೆರಳು ನಾಡಿನ ಉದ್ದಕ್ಕೂ ಚಾಚಿತ್ತು. ಅವರು ತಾನು ಕಂಡದ್ದನ್ನು ಬರೆದರು. 1980ರ ‘ಕರ್ವಾಲೊ’ದಲ್ಲಿ ಒಬ್ಬ ವಿಜ್ಞಾನಿ, ಮಂದಣ್ಣನೆಂಬ ಹಳ್ಳಿಗ ಮತ್ತು ಜೊತೆಗಾರರು ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತಾರೆ. ಇದು ಗೆಲ್ಲುತ್ತದೆ ಎಂದು ಯಾವ ಲೆಕ್ಕಾಚಾರದಿಂದ ಹೇಳಲು ಸಾಧ್ಯವಿತ್ತು? ಇವತ್ತು ಸಾಹಿತ್ಯದ ಸಹವಾಸವೇ ಇಲ್ಲದ ಎಂಜಿನಿಯರಿಂಗ್ ಹುಡುಗರ ಚೀಲದಲ್ಲೂ ಕರ್ವಾಲೊ ಇರುತ್ತದೆ. ಅಬಚೂರಿನ ಸಂಕಲನದ ‘ತಬರನ ಕತೆ’ಯನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು. ಅದೇ ಸಂಕಲನದ ‘ಡೇರ್‌ಡೆವಿಲ್ ಮುಸ್ತಫಾ’, ಬರೆದು ಐವತ್ತು ವರ್ಷದ ಮೇಲೆ, 2023ರಲ್ಲಿ ಸಿನಿಮಾ ಆಯಿತು.

ಇಲ್ಲಿ ಅವಸರದ ತೀರ್ಮಾನಕ್ಕೆ ಬರಬೇಡಿ. ಸ್ವಂತ ದಾರಿ ಹಿಡಿದರೆ ಕೊನೆಗೆ ಜನ ಬಂದೇ ಬರುತ್ತಾರೆ ಎಂದು ನಾನು ಹೇಳಿದರೆ ಅದು ನಿಮಗೆ ಮಾಡುವ ಮೋಸ. ಶಿಲಾಲತೆಯನ್ನು ಮಲ್ಲಿಗೆಯಷ್ಟು ಜನ ಇವತ್ತಿಗೂ ಓದಿಲ್ಲ. ಪ್ರಾಮಾಣಿಕವಾಗಿ ಬರೆದ ಎಷ್ಟೋ ಪುಸ್ತಕಗಳು ಗ್ರಂಥಾಲಯದ ಕೆಳಗಿನ ಸಾಲಿನಲ್ಲಿ ದೂಳು ಹಿಡಿದಿವೆ. ಕೆಲವನ್ನು ನಾನೇ ಒರೆಸಿ ಓದಿ ಮರಳಿ ಇಟ್ಟಿದ್ದೇನೆ. ಬಹುಮಾನ ಸಿಗಲಿ ಎಂದು ಸ್ವಂತಿಕೆಯ ಹಿಂದೆ ಹೋದರೆ ಅದೂ ಇನ್ನೊಂದು ಬಗೆಯ ಬೆನ್ನು ಹತ್ತುವಿಕೆ ಆಗುತ್ತದೆ.

ಹಾಗೆಯೇ ಜನ ಪ್ರೀತಿಸಿದ್ದೆಲ್ಲ ಹಗುರ ಎಂದೂ ತಿಳಿಯಬೇಡಿ. ತ್ರಿವೇಣಿಯವರನ್ನು ಓದಿ. 1928ರಲ್ಲಿ ಹುಟ್ಟಿ 1963ರಲ್ಲಿ ತೀರಿಕೊಂಡವರು. ಅಷ್ಟು ಚಿಕ್ಕ ಬದುಕಿನಲ್ಲಿ ಬರೆದ ಕಾದಂಬರಿಗಳಿಗಾಗಿ ಹೆಣ್ಣುಮಕ್ಕಳು ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಸರದಿ ಕಾಯುತ್ತಿದ್ದರು. ಹೆಂಗಸರ ಕಾದಂಬರಿ ಎಂದು ಬದಿಗಿಟ್ಟವರಿಗೆ ಅವುಗಳ ಒಳಗೆ ಏನಿದೆ ಎಂದು ಕಾಣಲಿಲ್ಲ. ‘ಶರಪಂಜರ’ದ ಕಾವೇರಿ ಬಾಣಂತನದ ಹೊತ್ತಿಗೆ ಮನಸ್ಸಿನ ಕಾಯಿಲೆಗೆ ಬೀಳುತ್ತಾಳೆ, ಗುಣವಾಗಿ ಮನೆಗೆ ಮರಳುತ್ತಾಳೆ. ಆದರೆ ಮನೆಯವರ ಕಣ್ಣಿನಲ್ಲಿ ಅವಳು ಗುಣವಾಗುವುದೇ ಇಲ್ಲ. ಹುಚ್ಚು ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಮುಚ್ಚಿಡುತ್ತಿದ್ದ ಕಾಲದಲ್ಲಿ ಮನೆಯ ಹೆಣ್ಣಿನ ಮನೋರೋಗವನ್ನು ಅವಳ ಕಡೆಯಿಂದ ನೋಡಿದ ಕಾದಂಬರಿ ಅದು. ತ್ರಿವೇಣಿಯವರ ಭಾಷೆ ತಿಳಿಯಾಗಿತ್ತು, ಅಡುಗೆಮನೆಯಲ್ಲಿ ಕೂತು ಓದುವವರಿಗೂ ತಡೆಯಿಲ್ಲದೆ ತಲುಪುತ್ತಿತ್ತು. ಓದುಗರಿಗೆ ಅರ್ಥವಾಗುವಂತೆ ಬರೆಯುವುದು ಓದುಗರ ಮೇಲಿನ ಗೌರವ. ಓದುಗರು ಕೇಳಲು ಬಯಸುವುದನ್ನಷ್ಟೇ ಹೇಳುವುದು ಬೇರೆ. ಈ ಎರಡನ್ನೂ ಕಲಸಿಕೊಂಡು ಬೇಕೆಂದೇ ಜಟಿಲವಾಗಿ ಬರೆಯುವವರು ಪ್ರತಿ ಕಮ್ಮಟದಲ್ಲೂ ಒಬ್ಬಿಬ್ಬರು ಸಿಗುತ್ತಾರೆ. ಅವರನ್ನು ತಿದ್ದಲು ನನಗೆ ಹೆಚ್ಚು ಕಾಲ ಬೇಕಾಗುತ್ತದೆ.

ಇನ್ನೊಂದು ಎಚ್ಚರಿಕೆ ಸ್ವಂತಿಕೆಯ ವೇಷದ ಬಗ್ಗೆ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ನಂಜನಗೂಡು ಸೀಮೆಯ ಆಡುಮಾತಿನಲ್ಲಿದೆ. ಆ ಕತೆ ಆ ಮಾತಿನಿಂದ ಬೇರೆಯಾಗಿ ಇರಲಾರದು, ಮಾತನ್ನು ಬದಲಿಸಿದರೆ ಆ ಲೋಕವೇ ಕರಗುತ್ತದೆ. 1990ರಲ್ಲಿ ಅದಕ್ಕೆ ಅಕಾಡೆಮಿ ಪ್ರಶಸ್ತಿ ಬಂತು. ಆಮೇಲೆ ಏನಾಯಿತು ಎಂದರೆ, ಕಥಾಸ್ಪರ್ಧೆಗಳಿಗೆ ಬರುವ ಕತೆಗಳಲ್ಲಿ ಆಡುಮಾತು ಒಂದು ಉಡುಪಾಯಿತು. ದೀಪಾವಳಿ ವಿಶೇಷಾಂಕದ ಸ್ಪರ್ಧೆಗೆ ಎಂದು ಕತೆ ಬರೆದು ತಂದು ತೋರಿಸುವ ಹುಡುಗರಲ್ಲಿ ನಾನಿದನ್ನು ಕಂಡಿದ್ದೇನೆ. ಪೇಟೆಯಲ್ಲೇ ಹುಟ್ಟಿ ಬೆಳೆದ ಹುಡುಗ ತೀರ್ಪುಗಾರರಿಗೆ ಮಣ್ಣಿನ ಸೊಗಡು ಇಷ್ಟ ಎಂದು ಎಲ್ಲೋ ಕೇಳಿ, ಜಾತ್ರೆ, ಗೌಡ, ಬತ್ತಿದ ಕೆರೆ ಎಲ್ಲವನ್ನೂ ಹೊಂದಿಸಿರುತ್ತಾನೆ. ಅವನ ಅಪ್ಪ ಆಟೋ ಓಡಿಸುತ್ತಾರೆ. ರಾತ್ರಿ ಮನೆಗೆ ಬಂದು ಮೀಟರಿನ ಲೆಕ್ಕ ಹಾಕುವಾಗ ಅವರು ಯಾಕೆ ಯಾರ ಜೊತೆಯೂ ಮಾತಾಡುವುದಿಲ್ಲ ಎಂಬುದು ಅವನಿಗೆ ಗೊತ್ತು, ನನಗೆ ಗೊತ್ತಿಲ್ಲ. ಆ ಕತೆಯನ್ನು ಅವನು ಬರೆದಿಲ್ಲ, ಅದರಲ್ಲಿ ಸೊಗಡು ಇಲ್ಲ ಎಂದು ಅವನ ನಂಬಿಕೆ. ಇಂಥ ಹುಡುಗನನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಮನೆಯಲ್ಲಿ ಇರುವ ನಿಧಿಯನ್ನು ಬಿಟ್ಟು ಅವನು ಊರೆಲ್ಲ ಅಗೆಯುತ್ತಿರುತ್ತಾನೆ.

ಹೊಟ್ಟೆಪಾಡಿನ ಮಾತನ್ನೂ ಆಡಬೇಕು. ಕನ್ನಡದಲ್ಲಿ ಬರವಣಿಗೆಯಿಂದಲೇ ಅನ್ನ ಗಳಿಸಿದವರು ಎಂದೂ ಹೆಚ್ಚಿಗೆ ಇರಲಿಲ್ಲ. ಮಾಸ್ತಿಯವರು ಮೈಸೂರು ಸರ್ಕಾರದ ಅಧಿಕಾರಿ, ಬೇಂದ್ರೆ ಮೇಷ್ಟರು, ಅಡಿಗರು ಇಂಗ್ಲಿಷ್ ಅಧ್ಯಾಪಕರು, ನರಸಿಂಹಸ್ವಾಮಿ ಸರ್ಕಾರಿ ಕಚೇರಿಯ ನೌಕರರು, ತೇಜಸ್ವಿ ತೋಟದವರು. ಇದನ್ನು ಕನ್ನಡದ ಬಡತನ ಎಂದು ದುಃಖಿಸುವವರಿದ್ದಾರೆ, ಅದರಲ್ಲಿ ಸತ್ಯವೂ ಇದೆ. ಆದರೆ ಅನ್ನ ಬೇರೆ ಕಡೆಯಿಂದ ಬರುತ್ತಿದ್ದದ್ದರಿಂದಲೇ ಅವರು ಓದುಗರಿಗೆ ಬೇಡವಾಗುವ ಧೈರ್ಯ ಮಾಡಬಲ್ಲವರಾದರು. ಹೊಸಬರು ಕೆಲಸ ಬಿಟ್ಟು ಪೂರ್ತಿ ಲೇಖಕರಾಗಲೇ ಎಂದು ಕೇಳಿದರೆ ನಾನು ಬೇಡ ಎನ್ನುತ್ತೇನೆ. ಕೆಲಸದ ಜಾಗದಲ್ಲಿ ನಿಮಗೆ ಸಂಬಳವೂ ಸಿಗುತ್ತದೆ, ಬರೆಯಲು ವಸ್ತುವೂ ಸಿಗುತ್ತದೆ. ಅನುವಾದ, ಜಾಹೀರಾತು, ಧಾರಾವಾಹಿಯ ಸಂಭಾಷಣೆ ಬರೆದು ಬದುಕುವವರೂ ಇದ್ದಾರೆ. ಒಪ್ಪಿಕೊಂಡ ಕೆಲಸವನ್ನು ಚೆನ್ನಾಗಿ ಮಾಡುವುದು ಗೌರವದ ಕೆಲಸ, ಅದಕ್ಕೂ ಇಲ್ಲಿ ಹೇಳುತ್ತಿರುವ ತಕರಾರಿಗೂ ಸಂಬಂಧವಿಲ್ಲ.

ಈಗ ನಿಮ್ಮ ಸ್ವಂತ ಕರಡನ್ನು ಹೇಗೆ ನೋಡಿಕೊಳ್ಳುವುದು ಎಂಬ ವಿಷಯಕ್ಕೆ ಬರೋಣ. ಬರೆದ ಪುಟವನ್ನು ಒಂದು ವಾರ ಮುಚ್ಚಿಡಿ. ಆಮೇಲೆ ಒಬ್ಬರೇ ಕೂತು ಗಟ್ಟಿಯಾಗಿ ಓದಿ. ಓದುತ್ತಾ ಎಲ್ಲಿ ನಿಮ್ಮ ದನಿ ತಾನಾಗಿ ಏರುತ್ತದೆ, ಭಾಷಣಕಾರರ ಹಾಗೆ ಆಗುತ್ತದೆ ಎಂದು ಗಮನಿಸಿ. ಹೆಚ್ಚಿನ ಸಲ ಆ ವಾಕ್ಯ ಚಪ್ಪಾಳೆಗಾಗಿ ಬರೆದದ್ದು. ಕೂಡಲೇ ಹೊಡೆದು ಹಾಕಬೇಡಿ, ಪಕ್ಕದಲ್ಲಿ ಒಂದು ಗೆರೆ ಎಳೆದು ಕೇಳಿಕೊಳ್ಳಿ: ಇದನ್ನು ಬರೆಯುವ ಮೊದಲು ನನ್ನ ಕಣ್ಣ ಮುಂದೆ ಏನಿತ್ತು? ಏನೋ ಇದ್ದೇ ಇರುತ್ತದೆ. ತ್ಯಾಗಮಯಿ ಎಂಬ ಪದದ ಹಿಂದೆ ಮೆಟ್ಟುಗತ್ತಿ ಇದ್ದ ಹಾಗೆ. ಅದನ್ನು ಬರೆಯಿರಿ. ಹಾಗೆ ಕೇಳಿಕೊಂಡಾಗ ಏನೂ ನೆನಪಾಗದಿದ್ದರೆ ಆ ವಾಕ್ಯ ನಿಮ್ಮದಲ್ಲ, ಆಗ ಹೊಡೆದು ಹಾಕಬಹುದು. ಮೊದಮೊದಲು ಒಂದು ಪುಟದಲ್ಲಿ ನಾಲ್ಕು ಸಾಲು ಉಳಿದರೆ ಹೆಚ್ಚು. ಇದರಿಂದ ಎದೆಗುಂದಿ ಬರೆಯುವುದನ್ನೇ ಬಿಟ್ಟವರನ್ನು ನೋಡಿದ್ದೇನೆ, ನೀವು ಹಾಗೆ ಮಾಡಬೇಡಿ. ಆ ನಾಲ್ಕು ಸಾಲಿನಿಂದಲೇ ಮುಂದಿನ ಪುಟ ಶುರು ಮಾಡಬಹುದು.

ಓದಿ ಹೇಳುವವರು ಇಬ್ಬರು ಸಾಕು. ಒಬ್ಬರು ನೀವು ಬರೆದ ಲೋಕವನ್ನು ಬಲ್ಲವರಾಗಿರಲಿ, ಇನ್ನೊಬ್ಬರು ಏನೂ ತಿಳಿಯದವರು. ಬಲ್ಲವರು ಎಲ್ಲಿ ಸುಳ್ಳಾಗಿದೆ ಎಂದು ಹೇಳುತ್ತಾರೆ, ತಿಳಿಯದವರು ಎಲ್ಲಿ ಅರ್ಥವಾಗಲಿಲ್ಲ ಎಂದು ಹೇಳುತ್ತಾರೆ. ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬ ಮಾತನ್ನು ಇಬ್ಬರಿಂದಲೂ ಕೇಳಬೇಡಿ. ಸಂಪಾದಕರು ಕತೆ ಉದ್ದವಾಯಿತು, ಇಲ್ಲಿ ಗೊಂದಲವಿದೆ ಎಂದರೆ ತಾಳ್ಮೆಯಿಂದ ಕೇಳಿಸಿಕೊಳ್ಳಿ. ತಿದ್ದಿಸಿಕೊಳ್ಳುವುದರಿಂದ ಸ್ವಂತಿಕೆ ಹೋಗುವುದಿಲ್ಲ.

ಬಲ್ಲವರಿಗೆ ತೋರಿಸಿ ಎಂದು ನಾನು ಇಷ್ಟು ಒತ್ತಿ ಹೇಳಲು ಆ ಹುಡುಗಿಯೇ ಕಾರಣ. ಅವಳ ಎರಡನೆಯ ಪುಟವನ್ನು ನಾನು ತುಂಬ ಮೆಚ್ಚಿಕೊಂಡಿದ್ದೆ, ಅದರಲ್ಲೂ ಸೆರಗಿನ ಸಾಲನ್ನು. ಮುಂದಿನ ಎರಡು ಬ್ಯಾಚುಗಳಿಗೂ ಅದನ್ನೇ ಉದಾಹರಣೆಯಾಗಿ ಓದಿ ಹೇಳಿದೆ. ರಜೆಗೆ ಊರಿಗೆ ಹೋದವಳು ಅದನ್ನು ಅಜ್ಜಿಗೆ ಓದಿ ಕೇಳಿಸದೆ ಇರಲಾರದೆ ಓದಿದಳಂತೆ. ಅಜ್ಜಿ ಪೂರ್ತಿ ಕೇಳಿ, ‘ಚೆಂದ ಬರ್ದೀಯ. ಆದ್ರೆ ಕಲೆಗೆ ಯಾರ್ ನಾಚ್ಕೊಳ್ತಾರೆ ಹುಡುಗಿ? ಊರಲ್ಲಿ ಎಲ್ಲರ ಕೈಯೂ ಹಂಗೇ ಇತ್ತು. ಬಂಗಾರದ ಬಳೆ ಇರ್ಲಿಲ್ಲ ಕೈಯಾಗೆ. ನಿಮ್ಮಪ್ಪನ ಕಾಲೇಜಿಗೆ ಅಂತ ಅಡ ಇಟ್ಟಿದ್ದೆ. ಅದು ಕಾಣ್ಬಾರ್ದು ಅಂತ’ ಎಂದರಂತೆ. ಅವರ ಮಗನಿಗೂ ಆ ವಿಷಯ ಅಲ್ಲಿಯ ತನಕ ಗೊತ್ತಿರಲಿಲ್ಲ.

ಅವಳು ವಾಪಸು ಬಂದು ಇದನ್ನು ಹೇಳಿದಾಗ ನನಗೆ ಮಾತು ಹೊರಡಲಿಲ್ಲ. ಊರಿನಲ್ಲಿ ಎಲ್ಲರ ಕೈಯೂ ಕಪ್ಪಾಗಿರುವಾಗ ಒಬ್ಬರೇ ಯಾಕೆ ಮುಚ್ಚಿಕೊಳ್ಳುತ್ತಾರೆ ಎಂದು ನಾನೂ ಕೇಳಿರಲಿಲ್ಲ, ಕಮ್ಮಟದಲ್ಲಿ ಯಾರೂ ಕೇಳಿರಲಿಲ್ಲ. ಅವಳು ಕಂಡದ್ದು ಸೆರಗಿನೊಳಗಿನ ಕೈಗಳನ್ನು. ಕಾರಣವನ್ನು ಅವಳು ಊಹಿಸಿಕೊಂಡಿದ್ದಳು, ಮೇಷ್ಟರು ಮೆಚ್ಚುವಂಥ ಕಾರಣವನ್ನು. ‘ಆ ಸಾಲು ಬರೆಯುವಾಗ ನೀವು ಏನಂತೀರಾ ಅಂತ ತಲೆಯಲ್ಲಿತ್ತು ಸಾರ್’ ಎಂದು ಅವಳೇ ಹೇಳಿದಳು.

ಅವಳು ಈಗ ಮೂರನೆಯ ಸಲ ಬರೆಯುತ್ತಿದ್ದಾಳೆ. ಬಳೆ ಅಡವಿಟ್ಟ ದಿನ ಯಾರ ಜೊತೆ ಪೇಟೆಗೆ ಹೋದದ್ದು, ಯಾವ ಬಸ್ಸು, ಬಿಡಿಸಿಕೊಂಡದ್ದು ಯಾವಾಗ ಎಂದು ಪ್ರತಿ ಭಾನುವಾರ ಸಂಜೆ ಅಜ್ಜಿಗೆ ಫೋನ್ ಮಾಡಿ ಕೇಳುತ್ತಾಳೆ. ಅಜ್ಜಿ ಒಂದು ವಾರ ಸ್ವಲ್ಪ ಹೇಳುತ್ತಾರೆ, ಇನ್ನೊಂದು ವಾರ ಮಾತು ತೇಲಿಸುತ್ತಾರೆ. ಪುಟವನ್ನು ಅವಳು ನನಗೆ ಇನ್ನೂ ತೋರಿಸಿಲ್ಲ, ನಾನೂ ಕೇಳಿಲ್ಲ.